ಘಟ್ಟ ಇಳಿಸೋದಾ, ಇಲ್ಲೇ ಇಟ್ಕೊಳ್ಳೋದಾ? ಕೊಡಗಿಗೆ ಬೇಕಾದ ತುರ್ತು ರೇಡಿಯಾಲಜಿ

ಕೊಡಗಿನ ಕ್ಯಾಶುವಾಲ್ಟಿಗೆ ಗಾಯಾಳುಗಳು ಬರುವುದಕ್ಕೂ ಒಂದು ಪಂಚಾಂಗ ಇದೆ. ಡಿಸೆಂಬರ್ ಬಂತೆಂದರೆ ಕಾಫಿ ಕೊಯ್ಲು. ಆಳುಗಳನ್ನು ತುಂಬಿಕೊಂಡ ಜೀಪು, ಪಿಕಪ್ ಮಗುಚುವ ಕಾಲ. ಫೆಬ್ರವರಿಯಿಂದ ಮೆಣಸು ಕೊಯ್ಲು, ಆಮೇಲೆ ಮರ ಕಪಾತು. ಏಣಿಯಿಂದ, ಸಿಲ್ವರ್ ಮರದಿಂದ ಬಿದ್ದವರು ಬರುತ್ತಾರೆ. ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿ ಶಾಕ್ ಹೊಡೆಸಿಕೊಂಡು ಬಿದ್ದವರೂ ಇದೇ ಗುಂಪು. ಜೂನ್‌ನಿಂದ ಮಳೆ, ಜಾರುವ ರಸ್ತೆ, ಮನೆ ಮೇಲೆ ಬೀಳುವ ಮರ. ಆನೆ ಮಾತ್ರ ಕಾಲ ನೋಡುವುದಿಲ್ಲ.

ಇವರೆಲ್ಲರ ವಿಷಯದಲ್ಲಿ ಡ್ಯೂಟಿ ಡಾಕ್ಟರ್ ಮುಂದೆ ಇರುವ ಪ್ರಶ್ನೆ ಒಂದೇ: ಇಲ್ಲೇ ನೋಡಿಕೊಳ್ಳಬಹುದಾ, ಕೆಳಗೆ ಕಳಿಸಬೇಕಾ? ಮಡಿಕೇರಿಯಿಂದ ಮೈಸೂರು ಸುಮಾರು 120 ಕಿ.ಮೀ., ಮಂಗಳೂರು ಸಂಪಾಜೆ ಘಾಟಿ ಇಳಿದು ಸುಮಾರು 140 ಕಿ.ಮೀ. ವಿರಾಜಪೇಟೆಯವರಿಗೆ ಒಂದೋ ತಿತಿಮತಿ ಕಾಡು ದಾಟಿ ಹುಣಸೂರು ಮೇಲೆ ಮೈಸೂರು, ಇಲ್ಲಾ ಮಾಕುಟ್ಟ ಇಳಿದು ಕಣ್ಣೂರು. ಯಾವ ದಾರಿ ಹಿಡಿದರೂ ಎರಡೂವರೆ–ಮೂರು ಗಂಟೆ ಆಂಬುಲೆನ್ಸ್‌ನಲ್ಲೇ ಕಳೆಯುತ್ತದೆ. ಗುಲ್ಮ (ಎಡಪಕ್ಕೆಯಡಿಯ ಸ್ಪ್ಲೀನ್) ಒಡೆದು ರಕ್ತ ಸುರಿಯುತ್ತಿರುವವರನ್ನು ಹೊಟ್ಟೆ ತೆರೆಯದೆ ಕಳಿಸಿದರೆ ದಾರಿಯಲ್ಲೇ ಹೋಗಿಬಿಡಬಹುದು. ಬರೀ ಪಕ್ಕೆಲುಬು ಬಿರುಕು ಬಿಟ್ಟವರನ್ನು ಭಯಕ್ಕೆ ಕಳಿಸಿದರೆ ಒಂದು ಆಂಬುಲೆನ್ಸ್ ಅರ್ಧ ದಿನ ಜಿಲ್ಲೆಯ ಹೊರಗೆ, ಮನೆಯವರ ಮೇಲೆ ಸಾಲ. ಸ್ಕ್ಯಾನ್, ಎಕ್ಸ್-ರೇ ನೋಡಿ ಈ ಪ್ರಶ್ನೆಗೆ ಅರ್ಧ ಗಂಟೆಯೊಳಗೆ ನಂಬಬಹುದಾದ ಉತ್ತರ ಕೊಡುವುದೇ ತುರ್ತು ರೇಡಿಯಾಲಜಿಯ ಕೆಲಸ ಎಂದು ನಾವು ತಿಳಿದಿದ್ದೇವೆ. ದೊಡ್ಡ ಯಂತ್ರ ತಂದು ರಿಬ್ಬನ್ ಕತ್ತರಿಸಿದ ಮಾತ್ರಕ್ಕೆ ಆ ಉತ್ತರ ಸಿಗುವುದಿಲ್ಲ.

ಅಮೆರಿಕದಲ್ಲಿ ತುರ್ತು ರೇಡಿಯಾಲಜಿಯ ಸಂಘ ಹುಟ್ಟಿದ್ದು 1988ರಲ್ಲಿ. ನಮ್ಮಲ್ಲಿ ತುರ್ತು ವೈದ್ಯಶಾಸ್ತ್ರವನ್ನೇ ಬೇರೆ ವಿಭಾಗ ಎಂದು ಭಾರತೀಯ ವೈದ್ಯಕೀಯ ಮಂಡಳಿ ಒಪ್ಪಿದ್ದು 2009ರಲ್ಲಿ. ತುರ್ತು ರೇಡಿಯಾಲಜಿ ಇನ್ನೂ ಎಂಡಿ ರೇಡಿಯೋಡಯಾಗ್ನೋಸಿಸ್‌ನ ಮೂರು ವರ್ಷದೊಳಗೆ ಒಂದು ಪೋಸ್ಟಿಂಗ್, ಹೆಚ್ಚೆಂದರೆ ಆಮೇಲಿನ ಒಂದು ಫೆಲೋಶಿಪ್. ತಮಾಷೆ ಎಂದರೆ, ಬೆಂಗಳೂರಿನಲ್ಲಿ ಕೂತು ಅಮೆರಿಕದ ಆಸ್ಪತ್ರೆಗಳ ರಾತ್ರಿ ಸ್ಕ್ಯಾನ್‌ಗಳನ್ನು ನಮ್ಮ ಹಗಲಿನಲ್ಲಿ ಓದಿ ಕಳಿಸುವ ಟೆಲಿರೇಡಿಯಾಲಜಿ 2002ರಲ್ಲೇ ಶುರುವಾಗಿತ್ತು. ಓದುವ ಕಣ್ಣು ರಾಜ್ಯದಲ್ಲಿ ಇಲ್ಲದೆ ಇಲ್ಲ. ನಮ್ಮ ರಾತ್ರಿಗೆ ಅದನ್ನು ಜೋಡಿಸಿಲ್ಲ, ಅಷ್ಟೆ.

ಮೊದಲು ಅಲ್ಟ್ರಾಸೌಂಡ್

ಬಿಪಿ ಇಳಿದವರನ್ನು ನೇರ ಸಿಟಿ ಸ್ಕ್ಯಾನ್ ಕೋಣೆಗೆ ತಳ್ಳಿಕೊಂಡು ಹೋಗಬಾರದು. ಅವರಿಗೆ ಟ್ರಾಲಿಯ ಮೇಲೇ ಫಾಸ್ಟ್ ಸ್ಕ್ಯಾನ್, ಅಂದರೆ ಒಳಗೆ ರಕ್ತ ಸೋರಿದೆಯಾ ಎಂದು ನೋಡುವ ಅವಸರದ ಅಲ್ಟ್ರಾಸೌಂಡ್. ನಾಲ್ಕು ಜಾಗ: ಬಲಗಡೆ ಲಿವರ್–ಕಿಡ್ನಿ ನಡುವೆ, ಎಡಗಡೆ ಗುಲ್ಮದ ಸುತ್ತ, ಕೆಳಹೊಟ್ಟೆ, ಹೃದಯದ ಹೊರಚೀಲ. ಎದೆಯ ಎರಡೂ ಬದಿ ಸೇರಿಸಿದರೆ ಇ-ಫಾಸ್ಟ್. ಕೈ ಪಳಗಿದವರಿಗೆ ಮೂರರಿಂದ ಐದು ನಿಮಿಷ ಸಾಕು. ಯಂತ್ರ ಹಳೆಯದಾದರೂ ನಡೆಯುತ್ತದೆ; ಹೊಟ್ಟೆಗೆ 2–5 ಮೆಗಾಹರ್ಟ್ಸ್‌ನ ಬಾಗಿದ ಪ್ರೋಬ್, ಎದೆಗೆ ಲೀನಿಯರ್ ಪ್ರೋಬ್ ಇರಲಿ.

ತಪ್ಪುವುದು ಸಣ್ಣ ಸಣ್ಣ ಕಡೆ. ಬಲಗಡೆ ಎಲ್ಲರೂ ಕಿಡ್ನಿಯ ನಡುಭಾಗ ನೋಡಿ ಮುಂದೆ ಹೋಗುತ್ತಾರೆ, ಆದರೆ ರಕ್ತ ಮೊದಲು ಕಾಣಿಸುವುದು ಲಿವರ್‌ನ ಕೆಳತುದಿಯ ಸುತ್ತ. ಎಡಗಡೆ ಕಿಡ್ನಿ–ಗುಲ್ಮದ ನಡುವೆ ಹುಡುಕುತ್ತಾರೆ, ಅಲ್ಲಿ ಅದು ನಿಲ್ಲುವುದು ವಪೆ (ಡಯಾಫ್ರಮ್) ಮತ್ತು ಗುಲ್ಮದ ನಡುವೆ. ಅದಕ್ಕೆ ಪ್ರೋಬನ್ನು ಇನ್ನೂ ಮೇಲಕ್ಕೆ, ಇನ್ನೂ ಹಿಂದಕ್ಕೆ, ಕೈಗೆಣ್ಣು ಟ್ರಾಲಿಯ ಹಾಸಿಗೆಗೆ ತಾಗುವಷ್ಟು ಹಿಂದಕ್ಕೆ ಒಯ್ಯಬೇಕು. ಮೂತ್ರದ ನಳಿಕೆ ಹಾಕಿ ಮೂತ್ರಕೋಶ ಖಾಲಿ ಮಾಡಿದ ಮೇಲೆ ಕೆಳಹೊಟ್ಟೆ ನೋಡಿದರೆ ಒಳಗೆ ನೋಡುವ ಕಿಟಕಿಯೇ (ತುಂಬಿದ ಮೂತ್ರಕೋಶ) ಇರುವುದಿಲ್ಲ. ಮೊದಲು ಸ್ಕ್ಯಾನ್, ಆಮೇಲೆ ನಳಿಕೆ. ನಳಿಕೆ ಆಗಲೇ ಹಾಕಿದ್ದರೆ ಕ್ಲ್ಯಾಂಪ್ ಮಾಡಿ. ಹೊಟ್ಟೆಯಲ್ಲಿ ಸುಮಾರು 200 ಎಂಎಲ್‌ಗಿಂತ ಕಡಿಮೆ ರಕ್ತ ಇದ್ದರೆ ಸಾಮಾನ್ಯವಾಗಿ ಕಾಣುವುದಿಲ್ಲ. ಕರುಳು ತೂತಾಗಿದ್ದರೂ, ಹೊಟ್ಟೆಯ ಹಿಂಗೋಡೆಯಲ್ಲಿ ರಕ್ತ ಇಳಿಯುತ್ತಿದ್ದರೂ ಫಾಸ್ಟ್ ಏನೂ ಹೇಳುವುದಿಲ್ಲ. ಹಾಗಾಗಿ ‘ಫಾಸ್ಟ್ ನೆಗೆಟಿವ್’ ಎಂದು ಬರೆದವರು ಗಂಟೆಯನ್ನೂ ಬರೆಯಬೇಕು, ಅರ್ಧ ಗಂಟೆ ಬಿಟ್ಟು ಇನ್ನೊಮ್ಮೆ ನೋಡಬೇಕು.

ಕಾನೂನಿನ ಕಡೆಯೂ ಒಂದು ಗಂಟು ಇದೆ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಪಿಸಿ–ಪಿಎನ್‌ಡಿಟಿ ಕಾಯ್ದೆಯ ಪ್ರಕಾರ ಪ್ರತಿ ಅಲ್ಟ್ರಾಸೌಂಡ್ ಯಂತ್ರ, ಅದಿರುವ ಜಾಗ, ಅದನ್ನು ಬಳಸುವ ವೈದ್ಯರು, ಮೂರೂ ನೋಂದಣಿಯಲ್ಲಿರಬೇಕು. ಗರ್ಭಿಣಿಗೆ ಸ್ಕ್ಯಾನ್ ಮಾಡಿದರೆ ಎಫ್ ಫಾರಂ ತುಂಬಲೇಬೇಕು, ಮರದಿಂದ ಬಿದ್ದು ಬಂದಿದ್ದರೂ ಸರಿಯೇ. ಎಂಬಿಬಿಎಸ್ ವೈದ್ಯರಿಗೆ ಆರು ತಿಂಗಳ ತರಬೇತಿಯ ನಿಯಮ 2014ರಲ್ಲಿ ಬಂತು. ಕಾಯ್ದೆ ಬಂದದ್ದು ಹೆಣ್ಣು ಭ್ರೂಣ ಉಳಿಸಲಿಕ್ಕೆ, ಅದರಲ್ಲಿ ತಕರಾರಿಲ್ಲ. ಆದರೆ ಇದರ ಹೆದರಿಕೆಗೆ ಯಂತ್ರ ರೇಡಿಯಾಲಜಿ ಕೋಣೆಯಲ್ಲಿ ಬೀಗದೊಳಗೆ, ರೋಗಿ ಕ್ಯಾಶುವಾಲ್ಟಿಯಲ್ಲಿ ಎಂಬ ಸ್ಥಿತಿ ಬರುತ್ತದೆ. ದಾರಿ ಇದೆ: ಕ್ಯಾಶುವಾಲ್ಟಿಗೆಂದೇ ಒಂದು ಯಂತ್ರವನ್ನು ಆ ಜಾಗದ ಹೆಸರಿನಲ್ಲೇ ನೋಂದಾಯಿಸಿ, ಅರ್ಹತೆ ಇರುವ ಡ್ಯೂಟಿ ಡಾಕ್ಟರ್‌ಗಳ ಹೆಸರನ್ನೆಲ್ಲ ಸೇರಿಸಿ, ಎಫ್ ಫಾರಂ ಪುಸ್ತಕವನ್ನು ಯಂತ್ರದ ಗಾಡಿಗೇ ಕಟ್ಟಿಡುವುದು. ವೈದ್ಯರು ವರ್ಗವಾದಾಗ ಹೆಸರು ಬದಲಿಸಲು ಮರೆಯುವುದೇ ತಪಾಸಣೆಯಲ್ಲಿ ಸಿಕ್ಕಿಬೀಳುವ ಮಾಮೂಲಿ ಕಾರಣ.

ಸಿಟಿ: ಕೆಡುವುದೆಲ್ಲ ಸೂಜಿಯಿಂದಲೇ ಶುರು

ಸಿಟಿ ಯಂತ್ರ ಒಂದು ಸುತ್ತಿಗೆ ಎಷ್ಟು ಪದರ (ಸ್ಲೈಸ್) ತೆಗೆಯುತ್ತದೆ ಎಂಬ ಲೆಕ್ಕದ ಮೇಲೆ ಬಹಳ ಜಗಳ ನಡೆಯುತ್ತದೆ. 16 ಸ್ಲೈಸ್ ಸಾಕಾ, 128 ಬೇಕಾ? ಗಾಯಾಳುಗಳ ಮಟ್ಟಿಗೆ, ಸರಿಯಾಗಿ ನಡೆಸಿದ 16 ಸ್ಲೈಸ್ ಯಂತ್ರ ಹಗಲು ಮಾತ್ರ ಓಡುವ 128ಕ್ಕಿಂತ ಮೇಲು. ಚಿತ್ರ ಕೆಡುವುದು ಹೆಚ್ಚಾಗಿ ಯಂತ್ರಕ್ಕೆ ಮೊದಲಿನ ಹಂತದಲ್ಲಿ.

ಕ್ಯಾಶುವಾಲ್ಟಿಯಲ್ಲಿ ಅವಸರಕ್ಕೆ ಕೈ ಹಿಂಬದಿಗೆ ನೀಲಿ ಕ್ಯಾನುಲಾ, ಅಂದರೆ 22 ಗೇಜ್, ಹಾಕಿ ಕಳಿಸುತ್ತಾರೆ. ರಕ್ತನಾಳ ಬೆಳಗಿಸುವ ಕಾಂಟ್ರಾಸ್ಟ್ ಔಷಧವನ್ನು ಇಂಜೆಕ್ಟರ್ ಸೆಕೆಂಡಿಗೆ 3.5–4 ಎಂಎಲ್ ತಳ್ಳಬೇಕು; ಆ ನರ ತಡೆಯದೆ ಔಷಧ ಚರ್ಮದಡಿ ಸೋರುತ್ತದೆ, ಇಲ್ಲಾ ಟೆಕ್ನಿಷಿಯನ್ ಹೆದರಿ ವೇಗ ಇಳಿಸುತ್ತಾರೆ, ರಕ್ತನಾಳ ಬೆಳಗುವುದೇ ಇಲ್ಲ. ಮೊಣಕೈ ಮಡಿಕೆಯಲ್ಲಿ ಹಸಿರು, 18 ಗೇಜ್. ಆಗದಿದ್ದರೆ ಗುಲಾಬಿ, 20 ಗೇಜ್. ಕಾಂಟ್ರಾಸ್ಟ್ ಎಂಎಲ್‌ಗೆ 300–350 ಮಿ.ಗ್ರಾಂ. ಅಯೋಡಿನ್ ಇರುವುದು 80ರಿಂದ 100 ಎಂಎಲ್, ಹಿಂದೆಯೇ 30–40 ಎಂಎಲ್ ಸಲೈನ್. ಮಡಿಕೇರಿಯ ಮಳೆಗಾಲದ ಚಳಿಯಲ್ಲಿ ಕಾಂಟ್ರಾಸ್ಟ್ ಬಾಟಲಿ ತಣ್ಣಗಾಗಿ ಮಂದವಾಗುತ್ತದೆ, ಇಂಜೆಕ್ಟರ್‌ನ ಒತ್ತಡ ಏರಿ ಅಲಾರಂ ಹೊಡೆಯುತ್ತದೆ. 37 ಡಿಗ್ರಿಯ ವಾರ್ಮರ್‌ನಲ್ಲಿ ಇಟ್ಟರೆ ಆ ತೊಂದರೆ ಇಲ್ಲ.

ತಲೆ ಮತ್ತು ಕುತ್ತಿಗೆ ಕಾಂಟ್ರಾಸ್ಟ್ ಇಲ್ಲದೆ. ಆಮೇಲೆ ಎದೆ, ಹೊಟ್ಟೆ, ಸೊಂಟ: ಅಪಧಮನಿಯ ಹಂತ 25–30 ಸೆಕೆಂಡಿಗೆ, ಲಿವರ್‌ಗೆ ಹೋಗುವ ಅಭಿಧಮನಿ ತುಂಬುವ ಪೋರ್ಟಲ್ ಹಂತ 65–70 ಸೆಕೆಂಡಿಗೆ. ಬಿಪಿ ಇಳಿದವರಲ್ಲಿ ರಕ್ತ ನಿಧಾನ ಹರಿಯುವುದರಿಂದ ಗಡಿಯಾರ ನೋಡಿ ತೆಗೆದರೆ ಮೊದಲ ಹಂತ ತಪ್ಪಿಹೋಗುತ್ತದೆ. ಮಹಾಪಧಮನಿಯ ಮೇಲೆ ಗುರುತಿಟ್ಟು, ಔಷಧ ಅಲ್ಲಿಗೆ ಬಂದ ಕೂಡಲೇ ಸ್ಕ್ಯಾನ್ ಶುರುವಾಗುವ ಬೋಲಸ್ ಟ್ರ್ಯಾಕಿಂಗ್ ಮಾಡಬೇಕು. ಐದು ನಿಮಿಷದ ನಂತರದ ಹಂತ ಎಲ್ಲರಿಗೂ ಬೇಡ. ಕಿಡ್ನಿ ಒಡೆದಿದ್ದರೆ ಅಥವಾ ಎಲ್ಲೋ ರಕ್ತ ಸೋರುತ್ತಿರುವ ಅನುಮಾನವಿದ್ದರೆ ಮಾತ್ರ. ಸೊಂಟದ ಮೂಳೆ ಮುರಿದು ಮೂತ್ರದಲ್ಲಿ ರಕ್ತ ಬಂದಿದ್ದರೆ ಸಲೈನ್‌ನಲ್ಲಿ ತೆಳುಮಾಡಿದ ಕಾಂಟ್ರಾಸ್ಟ್ 300–350 ಎಂಎಲ್ ನಳಿಕೆಯಲ್ಲಿ ತುಂಬಿಸಿ ಮೂತ್ರಕೋಶ ಬೇರೆಯಾಗಿ ನೋಡಬೇಕು. ಗಾಯಾಳುವಿಗೆ ಕುಡಿಸುವ ಕಾಂಟ್ರಾಸ್ಟ್ ಬೇಡವೇ ಬೇಡ. ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್ ವರದಿ ಬರಲಿ ಎಂದು ಜೀವಕ್ಕೆ ಕುತ್ತಿರುವವರನ್ನು ಕಾಯಿಸುವುದೂ ಬೇಡ. ಅಲರ್ಜಿಗೆ ಅಡ್ರಿನಲಿನ್, ತೊಡೆಗೆ 0.5 ಎಂಎಲ್, ಸಿಟಿ ಕೋಣೆಯೊಳಗೇ ಇರಬೇಕು. ಬೀಗದ ಕೈ ಸಿಸ್ಟರ್ ಹತ್ತಿರ ಇದೆ ಎಂದರೆ ಇದ್ದೂ ಇಲ್ಲದ ಹಾಗೆ.

ಕೈಗಳು ಪಕ್ಕದಲ್ಲೇ ಇದ್ದರೆ ಲಿವರ್, ಗುಲ್ಮದ ಮೇಲೆ ಗೆರೆ ಗೆರೆ ಬೀಳುತ್ತದೆ. ತಲೆ ಮೇಲೆ ಎತ್ತಲು ಆಗದಿದ್ದರೆ ಹೊಟ್ಟೆಯ ಮೇಲೆ ದಿಂಬಿಟ್ಟು ಅದರ ಮೇಲೆ ಇಡಿ. ಇಸಿಜಿ ವೈರು, ಬೆಲ್ಟು, ಜೇಬಿನ ಕತ್ತಿ, ಮೊಬೈಲು ತೆಗೆಯಿರಿ. ಸೊಂಟಕ್ಕೆ ಕಟ್ಟಿದ ಬೈಂಡರ್ ಮಾತ್ರ ಬಿಚ್ಚಬೇಡಿ. ಕೋವಿಯ ಚರೆ ಹೊಕ್ಕವರಲ್ಲಿ ಒಂದೊಂದು ಚರೆಯೂ ಸುತ್ತ ನೆರಳು ಎಬ್ಬಿಸುತ್ತದೆ, ಹಾಗಾಗಿ ಮೊದಲು ಎರಡು ದಿಕ್ಕಿನ ಎಕ್ಸ್-ರೇಯಲ್ಲಿ ಚರೆ ಎಲ್ಲೆಲ್ಲಿ ಹರಡಿದೆ ಎಂದು ನೋಡಿಕೊಂಡರೆ ಸಿಟಿ ಓದಲು ಸುಲಭ. ಮುಂದೆ ಅವರಿಗೆ ಎಂಆರ್‌ಐ ಮಾಡಿಸುವ ಮಾತು ಬಂದರೆ ತಡೆಯಲೂ ಆ ಫಿಲ್ಮ್ ಬೇಕಾಗುತ್ತದೆ.

ಏಣಿಯಿಂದ ಬಿದ್ದು ಕಾಲೂರಿದವರ ಹಿಮ್ಮಡಿ ಮೂಳೆ ಒಡೆದಿದ್ದರೆ ಬೆನ್ನು ನೋಡದೆ ಬಿಡಬಾರದು; ಬೆನ್ನುಮೂಳೆಯ ಎದೆ–ಸೊಂಟ ಸೇರುವ ಡಿ12–ಎಲ್1 ಸುತ್ತಮುತ್ತ ಪೆಟ್ಟಾಗಿರುತ್ತದೆ. ಇದಕ್ಕೆ ಬೇರೆ ಸ್ಕ್ಯಾನ್ ಬೇಕಿಲ್ಲ. ಹೊಟ್ಟೆಯ ಸಿಟಿಯ ಕಚ್ಚಾ ದತ್ತಾಂಶದಿಂದಲೇ ಬೆನ್ನುಮೂಳೆಯನ್ನು 2 ಮಿ.ಮೀ.ಗೆ, ಪಕ್ಕದಿಂದ ಕಾಣುವಂತೆ, ಮತ್ತೆ ಕಟ್ಟಬಹುದು. ಆದರೆ ಆ ದತ್ತಾಂಶ ಯಂತ್ರದಲ್ಲಿ ಕೆಲವು ದಿನ ಮಾತ್ರ ಇರುತ್ತದೆ, ಹಾಗಾಗಿ ಆಗಲೇ ಕಟ್ಟಿಬಿಡಬೇಕು. ಕರೆಂಟ್ ಹೊಡೆದವರದ್ದು ಇನ್ನೊಂದು ಕಥೆ: ಭುಜ ಹಿಂದಕ್ಕೆ ಜಾರಿರುತ್ತದೆ, ಎದುರಿನಿಂದ ತೆಗೆದ ಎಕ್ಸ್-ರೇಯಲ್ಲಿ ಸರಿಯಾಗಿಯೇ ಇರುವಂತೆ ಕಾಣುತ್ತದೆ. ತೋಳಿನ ಮೂಳೆಯ ತಲೆ ಬಲ್ಬಿನ ಹಾಗೆ ಉರುಟಾಗಿ ಕಂಡರೆ ಅನುಮಾನ ಪಡಿ, ಪಕ್ಕದಿಂದ ಇನ್ನೊಂದು ತೆಗೆಸಿ.

ತಲೆಯ ಸಿಟಿಯಲ್ಲಿ ಹೊಸ ರಕ್ತ ಬೆಳ್ಳಗೆ ಕಾಣುತ್ತದೆ ಎಂದು ಎಲ್ಲರಿಗೂ ಗೊತ್ತು. ಅದು ಹಿಮೋಗ್ಲೋಬಿನ್ ಸರಿ ಇದ್ದವರ ಮಾತು. ತೋಟದ ಕೂಲಿಯವರ ಲೈನ್ ಮನೆಗಳಿಂದ ಬರುವವರಲ್ಲಿ ರಕ್ತಹೀನತೆ ಅಪರೂಪವಲ್ಲ. ಹಿಮೋಗ್ಲೋಬಿನ್ 8ರ ಆಸುಪಾಸಿಗೆ ಇಳಿದಿದ್ದರೆ ಹೊಸ ರಕ್ತವೂ ಮಿದುಳಿನಷ್ಟೇ ಬೂದು ಬಣ್ಣಕ್ಕೆ ಕಂಡು, ತಲೆಬುರುಡೆಯ ಒಳಗೆ ಸೇರಿಕೊಂಡ ಸಬ್‌ಡ್ಯೂರಲ್ (ಮಿದುಳಿನ ಹೊರಪೊರೆಯಡಿಯ ರಕ್ತ) ಕಣ್ಣಿಗೆ ಬೀಳುವುದೇ ಇಲ್ಲ. ಒಂದು ಕಡೆ ಮಿದುಳಿನ ಮಡಿಕೆಗಳು ಬುರುಡೆವರೆಗೆ ತಲುಪುತ್ತಿಲ್ಲವಾ, ನಡುಗೆರೆ ಸರಿದಿದೆಯಾ ಎಂದು ನೋಡಬೇಕು. ಪರದೆಯ ಮೇಲೆ ಬೂದು ಛಾಯೆಗಳನ್ನು ಹರಡುವ ಮಾಮೂಲಿ ಮಿದುಳಿನ ವಿಂಡೋ 80ರದ್ದು. ಅದನ್ನು 200ರಷ್ಟು ಅಗಲಿಸಿ ಇನ್ನೊಮ್ಮೆ ಓದಬೇಕು. ಫಿಲ್ಮ್‌ನ ಫೋಟೋ ಹೊಡೆದು ವಾಟ್ಸಾಪ್‌ನಲ್ಲಿ ಕಳಿಸಿದರೆ ಈ ಅಗಲಿಸುವ ಕೆಲಸ ಸಾಧ್ಯವೇ ಇಲ್ಲ. ವಾಟ್ಸಾಪ್ ‘ಸರ್, ಒಂದು ಕೇಸ್ ಇದೆ’ ಎಂದು ಎಬ್ಬಿಸಲಿಕ್ಕೆ ಇರಲಿ, ಓದಲಿಕ್ಕೆ ಬೇಡ.

ಲಕ್ವದ ಕೇಸುಗಳಿಗೂ ಇದೇ ವ್ಯವಸ್ಥೆ ಬೇಕು. ರಕ್ತಗಡ್ಡೆ ಕರಗಿಸುವ ಇಂಜೆಕ್ಷನ್‌ಗೆ ಇರುವ ಅವಧಿ ನಾಲ್ಕೂವರೆ ಗಂಟೆ. ಭಾಗಮಂಡಲದ ಆಚೆಯಿಂದ ಬರುವವರಿಗೆ ಅದರಲ್ಲಿ ದೊಡ್ಡ ಪಾಲು ದಾರಿಯಲ್ಲೇ ಮುಗಿದಿರುತ್ತದೆ. ತಲೆಯ ಸಿಟಿ ಆಗಿ ‘ರಕ್ತಸ್ರಾವ ಇಲ್ಲ’ ಎಂಬ ಎರಡು ಪದ ಇಪ್ಪತ್ತು ನಿಮಿಷದೊಳಗೆ ಬಂದರೆ ಇಂಜೆಕ್ಷನ್ ಇಲ್ಲೇ ಕೊಟ್ಟು ಕಳಿಸಬಹುದು.

ಚೀಟಿ ಮತ್ತು ರಿಪೋರ್ಟ್

‘ಸಿಟಿ ಅಬ್ಡೊಮೆನ್, ಗಾಯ?’ ಎಂದು ಬರೆದ ಚೀಟಿಗೆ ಅಷ್ಟೇ ಗುಣದ ರಿಪೋರ್ಟ್ ಬರುತ್ತದೆ. ಚೀಟಿ ಹೀಗಿರಬೇಕು: ‘42 ವರ್ಷ, ಗಂಡು, ಸಿಲ್ವರ್ ಮರದಿಂದ 20 ಅಡಿ ಕೆಳಗೆ, ಬಿದ್ದದ್ದು ಸಂಜೆ 5ಕ್ಕೆ, ಎಡಪಕ್ಕೆ ನೋವು, ಬಿಪಿ 96/60, ಪಲ್ಸ್ 118, ಫಾಸ್ಟ್‌ನಲ್ಲಿ ಗುಲ್ಮದ ಸುತ್ತ ದ್ರವ, 1 ಲೀಟರ್ ಸಲೈನ್ ಹೋಗಿದೆ, ರಕ್ತ ತೆಳು ಮಾಡುವ ಮಾತ್ರೆ ಇಲ್ಲ.’ ಎರಡು ಸಾಲು, ಬರೆಯಲು ಒಂದು ನಿಮಿಷ.

ಇದಕ್ಕೆ ಮೊದಲ ಉತ್ತರ ಎರಡು ಪುಟದ್ದು ಆಗಬಾರದು. ಗುಲ್ಮದ ಗಾಯದ ದರ್ಜೆ ಎಷ್ಟು, ರಕ್ತ ಈಗಲೂ ಸೋರುತ್ತಿದೆಯೋ ಇಲ್ಲವೋ, ಹೊಟ್ಟೆಯಲ್ಲಿ ಎಷ್ಟು ತುಂಬಿದೆ, ಬೇರೆ ಏನು ಮುರಿದಿದೆ. ಅಮೆರಿಕದ ಗಾಯ ಶಸ್ತ್ರಚಿಕಿತ್ಸಾ ಸಂಘ (ಎಎಎಸ್‌ಟಿ) 2018ರಲ್ಲಿ ಪರಿಷ್ಕರಿಸಿದ ದರ್ಜೆಯಲ್ಲಿ ಸಿಟಿಯಲ್ಲಿ ಕಾಣುವ ರಕ್ತನಾಳದ ಗಾಯವೂ ಲೆಕ್ಕಕ್ಕೆ ಬಂದಿದೆ: ಸೋರಿಕೆ ಗುಲ್ಮದ ಪೊರೆಯೊಳಗೇ ಇದ್ದರೆ ನಾಲ್ಕು, ಪೊರೆ ದಾಟಿ ಹೊಟ್ಟೆಗೆ ಸುರಿಯುತ್ತಿದ್ದರೆ ಐದು. ಕೊಡಗಿನ ಮಟ್ಟಿಗೆ ಈ ಒಂದು ಅಂಕೆಯ ವ್ಯತ್ಯಾಸವೇ ದಾರಿ ತೀರ್ಮಾನಿಸುತ್ತದೆ. ನಾಲ್ಕಿದ್ದು ಬಿಪಿ ನಿಂತಿದ್ದರೆ, ನಾಳದೊಳಗಿಂದಲೇ ರಕ್ತ ನಿಲ್ಲಿಸುವ ಎಂಬೊಲೈಸೇಷನ್ ಇರುವ ಕಡೆಗೆ, ರಕ್ತದ ಬಾಟಲಿ ಮತ್ತು ಡಾಕ್ಟರ್ ಜೊತೆ ಮಾಡಿ, ಈಗಲೇ ಹೊರಡಬಹುದು. ಐದಿದ್ದು ಬಿಪಿ ಜಾರುತ್ತಿದ್ದರೆ ಸರ್ಜನ್ ಇಲ್ಲೇ ಹೊಟ್ಟೆ ತೆರೆಯಬೇಕು. ರಿಪೋರ್ಟ್ ಮೊದಲು ಫೋನಿನಲ್ಲಿ. ಕೇಳಿಸಿಕೊಂಡವರು ಅದನ್ನೇ ತಿರುಗಿ ಹೇಳಬೇಕು, ಇಬ್ಬರೂ ಗಂಟೆ ಬರೆದುಕೊಳ್ಳಬೇಕು. ಪೂರ್ಣ ರಿಪೋರ್ಟ್ ಒಂದು ಗಂಟೆಯ ಮೇಲೆ ಬಂದರೂ ನಡೆಯುತ್ತದೆ.

ಹೆಸರು ಗೊತ್ತಿಲ್ಲದೆ ಬಂದವರನ್ನೆಲ್ಲ ‘ಅನ್‌ನೋನ್’ ಎಂದೇ ನಮೂದಿಸಿದರೆ ಒಂದೇ ಅಪಘಾತದ ಇಬ್ಬರ ತಲೆ ಅದಲುಬದಲಾಗುತ್ತದೆ. ಕೈಗೆ ಕಟ್ಟಿದ ಪಟ್ಟಿಯ ನಂಬರೇ ಅವರ ಹೆಸರು. ಮನೆಯವರು ಬಂದು ಹೆಸರು ಹೇಳಿದರೂ ಆ ರಾತ್ರಿ ಮುಗಿಯುವವರೆಗೆ ನಂಬರ್ ಬದಲಿಸಬಾರದು.

ತಂತಿ, ಕರೆಂಟು, ತೇವ

ಒಂದು ಸಿಟಿ ಚಿತ್ರ 512 ಗುಣಿಸು 512 ಚುಕ್ಕಿ, ಚುಕ್ಕಿಗೆ ಎರಡು ಬೈಟ್. ಅಂದರೆ ಅರ್ಧ ಎಂಬಿ. ತಲೆಯದು ತೆಳು ಪದರದಲ್ಲಿ 200 ಚಿತ್ರ, 100 ಎಂಬಿ. ಇಡೀ ದೇಹದ್ದು 2000 ಚಿತ್ರ, ಒಂದು ಜಿಬಿ. ಅಪ್‌ಲೋಡ್ 10 ಎಂಬಿಪಿಎಸ್ (ಸೆಕೆಂಡಿಗೆ 10 ಮೆಗಾಬಿಟ್; ಎಂಟು ಬಿಟ್ ಸೇರಿ ಒಂದು ಬೈಟ್) ಇದ್ದರೆ ತಲೆ ಒಂದೂವರೆ ನಿಮಿಷದೊಳಗೆ ಹೋಗುತ್ತದೆ, ಇಡೀ ದೇಹಕ್ಕೆ ಸುಮಾರು 14 ನಿಮಿಷ. ಮಳೆಗಾಲದಲ್ಲಿ ಅದೇ 2 ಎಂಬಿಪಿಎಸ್‌ಗೆ ಇಳಿದರೆ ಒಂದು ಗಂಟೆಯ ಮೇಲೆ. ಗುಣಮಟ್ಟ ಕಳೆಯದೆ ಕುಗ್ಗಿಸಿದರೆ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಇದಕ್ಕಿಂತ ಉಪಯೋಗದ್ದು ಕಳಿಸುವ ಕ್ರಮ: ಮೊದಲು 5 ಮಿ.ಮೀ. ದಪ್ಪದ ಪದರ ಹೋಗಲಿ, ದೂರದ ರೇಡಿಯಾಲಜಿಸ್ಟ್ ಓದಲು ಶುರು ಮಾಡಲಿ, ತೆಳು ಪದರ ಹಿಂದಿನಿಂದ ಬರಲಿ. ಪ್ಲಾನ್ ಕೊಳ್ಳುವಾಗ ಡೌನ್‌ಲೋಡ್ ವೇಗವನ್ನೇ ಕೇಳಿಕೊಂಡು ಬರುತ್ತಾರೆ, ನಮಗೆ ಬೇಕಾದ್ದು ಅಪ್‌ಲೋಡ್. ಮರ ಬಿದ್ದು ಫೈಬರ್ ತುಂಡಾಗುವುದು ಇಲ್ಲಿ ವರ್ಷವರ್ಷದ ಮಾತು, ಹಾಗಾಗಿ ಬೇರೆ ಬೇರೆ ಕಂಪನಿಯ ಎರಡು ಸಿಮ್ ಇರುವ ರೌಟರ್ ಜೊತೆಗಿರಬೇಕು. ಕೆಳಗಿನ ಆಸ್ಪತ್ರೆಗೆ ರೋಗಿ ಹೊರಟಾಗ ಚಿತ್ರ ಮುಂಚೆಯೇ ಹೋಗಿರಬೇಕು. ಸಿಡಿ ಅಲ್ಲಿ ತೆರೆಯದೆ ಇಡೀ ಸ್ಕ್ಯಾನ್ ಮತ್ತೆ ಮಾಡಿಸುವುದು ದುಡ್ಡು, ವಿಕಿರಣ, ಸಮಯ ಮೂರಕ್ಕೂ ನಷ್ಟ.

ಯುಪಿಎಸ್ ಕಂಪ್ಯೂಟರ್‌ಗೆ ಮಾತ್ರ ಕೊಟ್ಟು ಉಳಿತಾಯ ಮಾಡುವವರಿದ್ದಾರೆ. ಕಾಂಟ್ರಾಸ್ಟ್ ಒಳಗೆ ಹೋದ ಮೇಲೆ, ಚಿತ್ರ ತೆಗೆಯುವ ಮುಂಚೆ ಕರೆಂಟ್ ಹೋದರೆ ಆ 100 ಎಂಎಲ್ ಹೋದಂತೆಯೇ. ಯಂತ್ರ ಪೂರ್ತಿಯಾಗಿ ಯುಪಿಎಸ್ ಮೇಲಿರಬೇಕು, ಜನರೇಟರ್ ಹತ್ತುವವರೆಗೆ ತಡೆಯಬೇಕು. ಏಪ್ರಿಲ್–ಮೇ ಗುಡುಗಿನ ಮುಂಚೆ ಅರ್ಥಿಂಗ್ ಅಳೆಸಿ, 1 ಓಮ್‌ಗಿಂತ ಕಡಿಮೆ ಇರಲಿ.

ತೇವದ ವಿಷಯ ಬಯಲುಸೀಮೆಯ ಎಂಜಿನಿಯರ್‌ಗಳಿಗೆ ಬೇಗ ಹೊಳೆಯುವುದಿಲ್ಲ. ಸಿಟಿ ಕೋಣೆ 18–24 ಡಿಗ್ರಿ ಇರಬೇಕು, ಎಸಿ ಹಾಕಿದ್ದೇವೆ ಎನ್ನುತ್ತಾರೆ. ಜುಲೈನಲ್ಲಿ ಮಡಿಕೇರಿಯ ಕೋಣೆ ತಾನಾಗಿಯೇ 19 ಡಿಗ್ರಿ ಇರುತ್ತದೆ, ಎಸಿಯ ಕಂಪ್ರೆಸರ್ ಓಡುವುದೇ ಇಲ್ಲ, ಅದು ಓಡದೆ ಗಾಳಿಯ ನೀರು ಇಳಿಯುವುದಿಲ್ಲ. ತೇವಾಂಶ 90ರ ಮೇಲೆ ನಿಂತು ಡಿಟೆಕ್ಟರ್, ಸರ್ಕ್ಯೂಟ್ ಬೋರ್ಡ್‌ಗಳಿಗೆ ಪಸೆ ಹಿಡಿಯುತ್ತದೆ. ಬೇರೆಯದೇ ಡಿಹ್ಯೂಮಿಡಿಫೈಯರ್ ಇಟ್ಟು ತೇವಾಂಶ 60ರ ಕೆಳಗೆ ಹಿಡಿಯಬೇಕು, ರಾತ್ರಿಯೂ ಆರಿಸಬಾರದು. ಅದರ ನೀರಿನ ಪೈಪು ಚರಂಡಿಗೆ ನೇರ ಹೋಗಲಿ. ಬಕೆಟ್ ಇಟ್ಟರೆ ತುಂಬಿದಾಗ ಯಂತ್ರ ತಾನೇ ನಿಲ್ಲುತ್ತದೆ. ರಾತ್ರಿ ಪಾಳಿಯ ಟೆಕ್ನಿಷಿಯನ್ ಬಂದ ಕೂಡಲೇ ಸಿಟಿಯ ಎಕ್ಸ್-ರೇ ಟ್ಯೂಬ್ ಬಿಸಿ ಮಾಡಿಟ್ಟುಕೊಂಡರೆ ಎರಡು ಗಂಟೆಗೆ ಬಂದ ಗಾಯಾಳು ಅದಕ್ಕಾಗಿ ಕಾಯಬೇಕಿಲ್ಲ. ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ (ಎಇಆರ್‌ಬಿ) ಲೈಸೆನ್ಸ್, ಸಿಬ್ಬಂದಿಗೆ ತಗುಲಿದ ವಿಕಿರಣ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಎಲ್ಲ ಯಂತ್ರ ಕೊಳ್ಳುವಾಗಲೇ ಮಾಡಿಸುವ ಕೆಲಸ, ಅದರಲ್ಲಿ ಹೊಸದೇನಿಲ್ಲ.

ಯಾರು ಕೂರುವುದು?

ವಾರಕ್ಕೆ 168 ಗಂಟೆ. ಒಬ್ಬರು 48 ಗಂಟೆ ದುಡಿದರೆ ಒಂದು ಕುರ್ಚಿಗೆ ಮೂರೂವರೆ ಜನ, ರಜೆ–ಕಾಯಿಲೆ ಸೇರಿಸಿದರೆ ಐದು. ಕೊಡಗಿನಲ್ಲಿ ರಾತ್ರಿಗೆಂದೇ ಐದು ರೇಡಿಯಾಲಜಿಸ್ಟ್‌ಗಳು ಸಿಗುತ್ತಾರೆ ಎಂದು ಕಾಯುವುದು ವ್ಯರ್ಥ. ಐದು ಸಿಟಿ ಟೆಕ್ನಿಷಿಯನ್‌ಗಳು ಮಾತ್ರ ಬೇಕೇ ಬೇಕು, ಅದಕ್ಕೆ ಬದಲಿಯಿಲ್ಲ. 2016ರಿಂದ ಮಡಿಕೇರಿಯಲ್ಲೇ ಸರ್ಕಾರಿ ಮೆಡಿಕಲ್ ಕಾಲೇಜು ಇರುವುದರಿಂದ ಕಲಿಸುವ ಜಾಗವೂ ಇದೆ. ಹಗಲು ಇಲ್ಲಿಯ ರೇಡಿಯಾಲಜಿಸ್ಟ್, ರಾತ್ರಿ ದೂರದಿಂದ ಓದುವವರು, ಬೆಳಗ್ಗೆ ಎಂಟಕ್ಕೆ ಇಲ್ಲಿಯವರು ರಾತ್ರಿಯದನ್ನೆಲ್ಲ ಮತ್ತೆ ಓದುವುದು: ಆರಂಭಕ್ಕೆ ಇಷ್ಟು ಸಾಕು. ಡ್ಯೂಟಿ ಡಾಕ್ಟರ್‌ಗಳಿಗೆ ಫಾಸ್ಟ್ ಕಲಿಸಲು, ಪಕ್ಕದಲ್ಲಿ ಗೊತ್ತಿದ್ದವರು ನಿಂತು ನೋಡಿದ 25ರಿಂದ 50 ಸ್ಕ್ಯಾನ್ ಎಂಬುದು ಅಮೆರಿಕದ ತುರ್ತು ವೈದ್ಯರ ಕಾಲೇಜಿನ ಅಳತೆ, ಇಲ್ಲಿಗೂ ಒಪ್ಪುತ್ತದೆ.

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಮಂಗಳೂರು ಹೆದ್ದಾರಿ ಬಂದ್ ಆಗಿತ್ತು. ಅಂಥ ದಿನ ‘ಕೆಳಗೆ ಕಳಿಸು’ ಎನ್ನುವ ಉತ್ತರದ ಅರ್ಧ ಇಲ್ಲವಾಗುತ್ತದೆ. ಇಡೀ ದೇಹದ ಸಿಟಿಗೆ ಟ್ರಾಲಿಯಿಂದ ಟ್ರಾಲಿಗೆ 15–20 ನಿಮಿಷ, ಗಂಟೆಗೆ ಮೂರೋ ನಾಲ್ಕೋ ಜನ. ಹದಿನೈದು ಜನ ಒಟ್ಟಿಗೆ ಬಂದರೆ ಎಲ್ಲರನ್ನೂ ಸಿಟಿಗೆ ಸಾಲು ನಿಲ್ಲಿಸಬಾರದು. ಫಾಸ್ಟ್, ಎದೆ ಮತ್ತು ಸೊಂಟದ ಎಕ್ಸ್-ರೇ ಎಲ್ಲರಿಗೂ. ಸಿಟಿ ಯಾರಿಗೆ ಮೊದಲು ಎಂದು ಹೇಳಲು ಬಾಗಿಲಲ್ಲಿ ಒಬ್ಬರೇ ಒಬ್ಬರು, ಅವರ ಮಾತೇ ಕೊನೆ.

ಬೆಳಗ್ಗೆಯ ಮರು ಓದಿನಲ್ಲಿ ವ್ಯತ್ಯಾಸ ಸಿಕ್ಕಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯಬೇಕು: ರಾತ್ರಿ ಏನು ಹೇಳಿತ್ತು, ಬೆಳಗ್ಗೆ ಏನು ಕಂಡಿತು, ಚಿಕಿತ್ಸೆ ಬದಲಾಯಿತೇ. ಯಾರು ತಪ್ಪಿದರು ಎನ್ನುವ ಕಾಲಂ ಬೇಡ. ಅದು ಇದ್ದರೆ ಪುಸ್ತಕ ಖಾಲಿ ಬೀಳುತ್ತದೆ. ತಿಂಗಳಿಗೊಮ್ಮೆ ಕ್ಯಾಶುವಾಲ್ಟಿ, ಸರ್ಜರಿ, ರೇಡಿಯಾಲಜಿ ಮೂವರೂ ಕೂತು ಓದಿದರೆ ಪಾಠ ತಾನಾಗಿ ಸಿಗುತ್ತದೆ. ಮನೆಗೆ ಕಳಿಸಿಬಿಟ್ಟವರ ತಲೆಯಲ್ಲಿ ಬೆಳಗ್ಗೆ ಸಣ್ಣ ಸಬ್‌ಡ್ಯೂರಲ್ ಕಂಡರೆ ಅವರನ್ನು ವಾಪಸ್ ಕರೆಸಬೇಕಲ್ಲ. ಅಸ್ಸಾಂನಿಂದ ಬಂದು ಲೈನ್ ಮನೆಯಲ್ಲಿರುವ ಕೂಲಿಯವರ ಫೋನು ಹೆಚ್ಚಾಗಿ ಸ್ವಿಚ್ ಆಫ್. ತೋಟದೊಳಗೆ ನೆಟ್‌ವರ್ಕೂ ಇರುವುದಿಲ್ಲ. ಹಾಗಾಗಿ ನೋಂದಣಿ ಚೀಟಿಯಲ್ಲಿ ತೋಟದ ಹೆಸರು, ರೈಟರ್ (ತೋಟದ ಗುಮಾಸ್ತ) ನಂಬರು, ಕರೆತಂದ ಜೀಪ್ ಡ್ರೈವರ್ ನಂಬರು, ಮೂರಕ್ಕೂ ಜಾಗ ಇರಬೇಕು. ಡ್ರೈವರ್ ನಂಬರೇ ಹೆಚ್ಚು ಸಲ ಕೆಲಸಕ್ಕೆ ಬರುವುದು.